ಒಂದೇ ಕೋರ್ ಯಾಕೆ ಏದುಸಿರು ಬಿಡ್ತಿದೆ?

ಲಿನಕ್ಸ್ ಸರ್ವರ್ ತುಂಬಾ ನಿಧಾನ. ಟಾಪ್ ನೋಡಿದ್ರೆ ಸಿಪಿಯು ಬರೀ ಶೇ. 13. ನಂಬಬೇಡಿ, ಅದು ಎಲ್ಲ ಕೋರ್‌ಗಳ ಸರಾಸರಿ! 8 ಕೋರ್‌ಗಳಲ್ಲಿ ಒಂದೇ ಒಂದು ಪೂರ್ತಿ ದುಡಿದ್ರೂ ಅಷ್ಟೇ ಬರೋದು.

ಸಿಸ್‌ಸ್ಟ್ಯಾಟ್ ಪ್ಯಾಕೇಜ್ ಹಾಕ್ಕೊಂಡು ಟೈಪ್ ಮಾಡಿ: ಎಂಪಿಸ್ಟ್ಯಾಟ್, ಹೈಫನ್ ದೊಡ್ಡ ಪಿ, ದೊಡ್ಡಕ್ಷರದಲ್ಲೇ ಆಲ್, 1. ಸೆಕೆಂಡಿಗೊಮ್ಮೆ ಪ್ರತಿ ಕೋರಿನ ಲೆಕ್ಕವೂ ಬೇರೆಬೇರೆ ಬರುತ್ತೆ. ಕಣ್ಣಿಡಬೇಕಾದ್ದು ಐಆರ್‌ಕ್ಯೂ, ಸಾಫ್ಟ್ ಕಾಲಂಗಳ ಮೇಲೆ: ಹಾರ್ಡ್‌ವೇರ್ ಇಂಟರಪ್ಟ್, ಅದು ಉಳಿಸಿಹೋದ ಬಾಕಿ ಕೆಲಸ. ಒಂದೇ ಕೋರಲ್ಲಿ ಸಾಫ್ಟ್ ಏರಿದ್ರೆ ನನ್ನ ಮೊದಲ ಅನುಮಾನ ನೆಟ್‌ವರ್ಕ್ ಕಾರ್ಡ್ ಮೇಲೆ.

ಈಗ ಪ್ರಾಕ್ ಡೈರೆಕ್ಟರಿಯ ಇಂಟರಪ್ಟ್ಸ್ ಫೈಲ್. ಅಲ್ಲಿರೋದು ಬೂಟ್ ಆದಾಗಿನಿಂದ ಒಟ್ಟು ಎಣಿಕೆ. ಒಮ್ಮೆ ನೋಡಿದ್ರೆ ಏನೂ ತಿಳಿಯಲ್ಲ. ವಾಚ್ ಹೈಫನ್ ಡಿ, ಕ್ಯಾಟ್, ಆಮೇಲೆ ಫೈಲ್ ಹೆಸರು ಕೊಡಿ. ಬದಲಾಗ್ತಿರೋ ಅಂಕಿ ಎದ್ದು ಕಾಣುತ್ತೆ. ಕಾರ್ಡಿನ ಸಾಲುಗಳೆಲ್ಲ ಒಂದೇ ಕೋರಲ್ಲಿ ಏರ್ತಿದ್ರೆ, ಇಂಟರಪ್ಟ್‌ಗಳನ್ನ ಕೋರ್‌ಗಳಿಗೆ ಹಂಚೋ ಐಆರ್‌ಕ್ಯೂಬ್ಯಾಲೆನ್ಸ್ ಓಡ್ತಿದೆಯಾ ಅಂತ ನೋಡಿ.