ತಡವರಿಸಿ ಓದುವ ಮಗು ದಡ್ಡ ಮಗುವಲ್ಲ

ಪ್ರವಾದಿ ಮೂಸಾ(ಅ)ರ ಪ್ರಾರ್ಥನೆಯನ್ನು ನಾವು ಜುಮಾ ಪ್ರವಚನಗಳಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಫಿರ್‌ಔನನ ಬಳಿಗೆ ಹೋಗಬೇಕೆಂದು ಆಜ್ಞೆಯಾದಾಗ, ತಮ್ಮ ನಾಲಗೆಯ ಗಂಟನ್ನು ಬಿಡಿಸುವಂತೆ ಅವರು ಅಲ್ಲಾಹನಲ್ಲಿ ಬೇಡಿದರು. ಸಹೋದರ ಹಾರೂನ್(ಅ)ರನ್ನು ನೆರವಿಗೆ ಕೊಡುವಂತೆಯೂ ಕೇಳಿದರು. ಬೇಡಿದ್ದು ದೊರೆಯಿತು. ಸ್ಪಷ್ಟವಾಗಿ ಮಾತನಾಡಲೂ ಬಾರದವನೆಂದು ಫಿರ್‌ಔನನು ಮುಂದೆ ತನ್ನ ಜನರೆದುರು ಅವರನ್ನು ಹಂಗಿಸಿದ್ದನ್ನೂ ಕುರ್‌ಆನ್ ನಮಗೆ ತಿಳಿಸುತ್ತದೆ.

ಇಲ್ಲಿ ಮೂರು ಸಂಗತಿಗಳನ್ನು ನಾವು ಗಮನಿಸಬೇಕು. ಮೂಸಾ(ಅ) ತಮ್ಮ ತೊಡಕನ್ನು ಮುಚ್ಚಿಡಲಿಲ್ಲ. ಸಹಾಯ ಕೇಳುವುದನ್ನು ಅವಮಾನವೆಂದು ಭಾವಿಸಲಿಲ್ಲ. ಹಂಗಿಸುವವರ ಮಾತಿಗೆ ಅಂಜಿ ತಮ್ಮ ಕೆಲಸವನ್ನು ಬಿಡಲಿಲ್ಲ. ಕಲಿಕೆಯಲ್ಲಿ ತೊಡಕಿರುವ ಮಗುವಿಗೂ ಅದರ ಹೆತ್ತವರಿಗೂ ಇದಕ್ಕಿಂತ ದೊಡ್ಡ ಮಾದರಿ ಬೇಕೆ?

ನಮ್ಮ ಮೊಹಲ್ಲಾಗಳಲ್ಲಿ ಇಂತಹ ಮಕ್ಕಳಿದ್ದಾರೆ. ಮಾತಿನಲ್ಲಿ ಚುರುಕು, ಅಂಗಡಿಯ ಲೆಕ್ಕ ಬಾಯಲ್ಲೇ ಹೇಳುತ್ತಾರೆ, ಕೇಳಿದ ಕಥೆಯನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಪುಸ್ತಕ ತೆರೆದರೆ ಮಾತ್ರ ತಡವರಿಸುತ್ತಾರೆ. ಇದಕ್ಕೆ ಡಿಸ್ಲೆಕ್ಸಿಯಾ, ಅಂದರೆ ಓದಿನ ತೊಡಕು, ಕಾರಣವಾಗಿರಬಹುದು. ಬರವಣಿಗೆಯಲ್ಲಿ ಕಾಣುವ ತೊಡಕನ್ನು ಡಿಸ್ಗ್ರಾಫಿಯಾ ಎಂದೂ ಲೆಕ್ಕದಲ್ಲಿ ಕಾಣುವುದನ್ನು ಡಿಸ್ಕ್ಯಾಲ್ಕುಲಿಯಾ ಎಂದೂ ಕರೆಯುತ್ತಾರೆ. ಇದು ಬುದ್ಧಿಯ ಕೊರತೆಯಲ್ಲ, ಸೋಮಾರಿತನವೂ ಅಲ್ಲ. ಅಕ್ಷರವನ್ನೂ ಅದರ ಧ್ವನಿಯನ್ನೂ ಜೋಡಿಸುವ ಕೆಲಸ ಇಂಥವರ ಮಿದುಳಿನಲ್ಲಿ ಬೇರೆ ರೀತಿಯಲ್ಲಿ, ನಿಧಾನವಾಗಿ ನಡೆಯುತ್ತದೆ. ಒಂದೇ ಕುಟುಂಬದ ಹಲವರಲ್ಲಿ ಇದು ಕಾಣಿಸುವುದುಂಟು. ಇದಕ್ಕೆ ಮಾತ್ರೆ, ಟಾನಿಕ್ ಇಲ್ಲ, ತಾಯಿತವೂ ಪರಿಹಾರವಲ್ಲ. ತಾಳ್ಮೆಯಿಂದ, ಹಂತ ಹಂತವಾಗಿ, ಮಗುವಿಗೆ ಒಗ್ಗುವ ವಿಧಾನದಲ್ಲಿ ಕಲಿಸುವುದೇ ಇದಕ್ಕಿರುವ ದಾರಿ.

ನಮ್ಮ ಮಕ್ಕಳ ವಿಷಯದಲ್ಲಿ ಇನ್ನೊಂದು ಗೋಜಲಿದೆ. ಮನೆಯಲ್ಲಿ ಬ್ಯಾರಿ, ಉರ್ದು ಅಥವಾ ನವಾಯಿತಿ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಮದ್ರಸದಲ್ಲಿ ಅರಬಿ. ಒಂದು ಲಿಪಿ ಎಡದಿಂದ ಬಲಕ್ಕೆ, ಇನ್ನೊಂದು ಬಲದಿಂದ ಎಡಕ್ಕೆ. ಹಾಗಾಗಿ ಕೆಲವು ಶಿಕ್ಷಕರು, "ಇವರ ಮನೆಯಲ್ಲಿ ಕನ್ನಡವಿಲ್ಲ, ಇವರಲ್ಲಿ ಓದುವವರೇ ಕಡಿಮೆ" ಎಂದು ಮಗುವನ್ನು ಹಿಂದಿನ ಬೆಂಚಿಗೆ ಬಿಟ್ಟುಬಿಡುತ್ತಾರೆ. ಇದು ಪೂರ್ವಗ್ರಹ. ಹಲವು ಭಾಷೆಗಳನ್ನು ಆಡುವುದರಿಂದ ಓದಿನ ತೊಡಕು ಬರುವುದಿಲ್ಲ. ಹೊಸ ಭಾಷೆಯ ಪರಿಚಯ ಸಾಲದ ಮಗು ಆ ಭಾಷೆಯಲ್ಲಿ ಮಾತ್ರ ಹಿಂದುಳಿಯುತ್ತದೆ, ರೂಢಿಯಾದಂತೆ ಸುಧಾರಿಸುತ್ತದೆ. ಓದಿನ ತೊಡಕಿರುವ ಮಗುವಿಗಾದರೋ ಸಾಮಾನ್ಯವಾಗಿ ಎಲ್ಲ ಭಾಷೆಗಳ ಓದೂ ಕಷ್ಟವೇ. ಆದ್ದರಿಂದ ಶಾಲೆಯ ಶಿಕ್ಷಕರನ್ನೂ ಮದ್ರಸದ ಉಸ್ತಾದರನ್ನೂ ಒಟ್ಟಿಗೆ ವಿಚಾರಿಸಿದರೆ ಮೊದಲ ಸುಳಿವು ಸಿಗುತ್ತದೆ. ಮನೆಭಾಷೆಯನ್ನು ಬಿಡಿಸುವ ಅಗತ್ಯವಂತೂ ಇಲ್ಲ.

ಪೂರ್ವಗ್ರಹ ಹೊರಗಿನವರಲ್ಲಿ ಮಾತ್ರ ಇದೆಯೆಂದು ಹೇಳಿದರೆ ನ್ಯಾಯವಾಗದು. ದಡ್ಡ, ಮೊದ್ದು ಎಂಬ ಅಡ್ಡಹೆಸರುಗಳು ಮೊದಲು ಕೇಳಿಬರುವುದು ನಮ್ಮ ಮನೆಗಳಲ್ಲೇ. ಪರಸ್ಪರ ಹಾಸ್ಯ ಮಾಡುವುದನ್ನೂ ಕೆಟ್ಟ ಹೆಸರಿಟ್ಟು ಕರೆಯುವುದನ್ನೂ ಸೂರಃ ಅಲ್ ಹುಜುರಾತ್ ನಿಷೇಧಿಸಿದೆ. ಆ ನಿಷೇಧದಿಂದ ಮಕ್ಕಳನ್ನು ಹೊರಗಿಟ್ಟಿಲ್ಲ. ಕುರ್‌ಆನನ್ನು ತಡವರಿಸುತ್ತಾ, ಕಷ್ಟಪಟ್ಟು ಓದುವವರಿಗೆ ಇಮ್ಮಡಿ ಪ್ರತಿಫಲವಿದೆ ಎಂಬ ಪ್ರವಾದಿ(ಸ)ರ ಮಾತನ್ನು ಆಯಿಶಾ(ರ) ವರದಿ ಮಾಡಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದಿದೆ. ಅಲ್ಲಾಹನು ಇಮ್ಮಡಿ ಪ್ರತಿಫಲ ಕೊಡುವ ಪ್ರಯತ್ನಕ್ಕೆ ನಾವು ಬೆತ್ತದ ಏಟು ಕೊಡುವುದು ಯಾವ ನ್ಯಾಯ?

ಹಾಗಾದರೆ ಏನು ಮಾಡಬೇಕು? ಮಗು ಮೂರನೇ ತರಗತಿಗೆ ಬಂದರೂ ಕಾಗುಣಿತ ಮತ್ತು ಒತ್ತಕ್ಷರಗಳಲ್ಲಿ ಎಡವುತ್ತಿದ್ದರೆ, ಸಾಲು ಬಿಟ್ಟು ಓದುತ್ತಿದ್ದರೆ, ಬೋರ್ಡಿನಿಂದ ನಕಲು ಮಾಡಲು ಒದ್ದಾಡುತ್ತಿದ್ದರೆ, ಮೊದಲು ಕಣ್ಣು ಮತ್ತು ಕಿವಿಯ ಪರೀಕ್ಷೆ ಮಾಡಿಸಿ. ಅವು ಸರಿಯಿದ್ದರೆ ತಜ್ಞರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದ ಸರ್ಕಾರಿ ಸಂಸ್ಥೆಗಳು. ದೂರವಾದರೆ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ, ಮಗು ಎಷ್ಟು ಲಿಪಿಗಳನ್ನು ಕಲಿಯುತ್ತಿದೆ ಎಂಬುದನ್ನು ಪರೀಕ್ಷೆ ಮಾಡುವವರಿಗೆ ತಪ್ಪದೆ ಹೇಳಿ.

ಕಾನೂನು ಮಗುವಿನ ಪರವಾಗಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಇಂತಹ ತೊಡಕನ್ನು ಬೇಗನೆ ಗುರುತಿಸಿ ತಕ್ಕ ಬೋಧನಾ ಕ್ರಮ ಕೈಗೊಳ್ಳುವುದು ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳ ಹೊಣೆಯೆಂದು ಅದರ 16ನೇ ಸೆಕ್ಷನ್ ಹೇಳುತ್ತದೆ. ಶೇ. 40 ಅಥವಾ ಹೆಚ್ಚು ನ್ಯೂನತೆಯಿದೆಯೆಂದು ಪ್ರಮಾಣಪತ್ರ ದೊರೆತರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅಂಗವೈಕಲ್ಯ ಇರುವವರಿಗೆ ಒಟ್ಟಾರೆ ಶೇ. 5ಕ್ಕೆ ಕಡಿಮೆಯಿಲ್ಲದ ಮೀಸಲಾತಿಯೂ ಇದೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ, ಬರಹಗಾರರ ನೆರವಿಗೆ ಅರ್ಹರಾದವರಿಗೆ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಸಿಗಬೇಕು. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚಾಯಿತು. ಎಸ್ಸೆಸ್ಸೆಲ್ಸಿಯ ರಿಯಾಯಿತಿಗಳಿಗೆ ಶಾಲೆಯ ಮೂಲಕವೇ ಅರ್ಜಿ ಹೋಗಬೇಕು. ಹತ್ತನೆಯ ತರಗತಿಯ ಕೊನೆಗೆ ಓಡಾಡದೆ, ಎಂಟನೆಯ ತರಗತಿಯಲ್ಲೇ ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ಕೊಟ್ಟು ಪ್ರತಿಯನ್ನು ಇಟ್ಟುಕೊಳ್ಳಿ. ಶಾಲೆಯ ದಾರಿ ತೀರಾ ಕಷ್ಟವಾದರೆ, ವಿಷಯಗಳನ್ನು ಆಯ್ದುಕೊಂಡು ಬಿಡಿಬಿಡಿಯಾಗಿ ಪಾಸು ಮಾಡಲು ಅವಕಾಶವಿರುವ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಪರೀಕ್ಷೆಗಳಿವೆ.

"ಸರ್ಟಿಫಿಕೇಟ್ ಮಾಡಿಸಿದರೆ ಜನ ಏನೆಂದಾರು? ನಾಳೆ ಹೆಣ್ಣುಮಗಳಿಗೆ ಸಂಬಂಧ ಬರುವುದು ಹೇಗೆ?" ಎಂದು ಹಿಂಜರಿಯುವ ಹೆತ್ತವರಿದ್ದಾರೆ. ಅವರ ಆತಂಕ ಅರ್ಥವಾಗುತ್ತದೆ. ಆದರೆ ಮುಚ್ಚಿಟ್ಟರೆ ಆಗುವುದೇನು? ಒಂಬತ್ತನೆಯ ತರಗತಿಯಲ್ಲಿ ಮಗ ಶಾಲೆ ಬಿಟ್ಟು ಗ್ಯಾರೇಜು ಸೇರುತ್ತಾನೆ, ಮಗಳು ಮನೆಯಲ್ಲೇ ಉಳಿಯುತ್ತಾಳೆ. ಇಬ್ಬರೂ ತಾವು ದಡ್ಡರೆಂಬ ಸುಳ್ಳನ್ನು ಜೀವನವಿಡೀ ನಂಬಿಕೊಂಡು ಬದುಕುತ್ತಾರೆ. ಕಾಗದದ ಮೇಲಿನ ಒಂದು ಪದಕ್ಕಿಂತ ಈ ಸುಳ್ಳಿನ ಭಾರ ಹೆಚ್ಚು.

ಮಗುವಿಗೆ ನಾವು ಹೇಳಬೇಕಾದದ್ದು ಇಷ್ಟೇ: ನಿನ್ನ ಹೆಸರು, ನಿನ್ನ ಮನೆಮಾತು, ನಿನ್ನ ನಮಾಝ್, ನಿನ್ನ ನಿಧಾನದ ಓದು, ಯಾವುದನ್ನೂ ಮರೆಮಾಚಬೇಕಾಗಿಲ್ಲ. ಬೇಕಾದ ನೆರವನ್ನು ತಲೆಯೆತ್ತಿ ಕೇಳು. ಮಸೀದಿ ಕಮಿಟಿಗಳೂ ಇದರಲ್ಲಿ ಕೈಜೋಡಿಸಬಹುದು. ಸಂಜೆಯ ಟ್ಯೂಷನ್ ತರಗತಿಯಲ್ಲಿ ಇಂತಹ ಮಕ್ಕಳಿಗೆ ಗಟ್ಟಿಯಾಗಿ ಪಾಠ ಓದಿ ಹೇಳುವ ಒಬ್ಬ ಕಾಲೇಜು ವಿದ್ಯಾರ್ಥಿ ಸಿಕ್ಕರೂ ಸಾಕು, ಒಂದು ಮಗುವಿಗೆ ಅದರ ಹಾರೂನ್ ಸಿಕ್ಕಂತೆ. ಅಲ್ಲಾಹನು ನಮ್ಮ ಮಕ್ಕಳ ಜ್ಞಾನವನ್ನು ಹೆಚ್ಚಿಸಲಿ, ಆಮೀನ್.