ದಿನ ತುಂಬುವ ಮೊದಲೇ ನೋವು ಬಂದರೆ

ಏಳು ತಿಂಗಳ ಬಸುರಿ. ಸೀಮಂತದ ಮರುದಿನ ಸಂಜೆಯಿಂದ ಸೊಂಟ ಹಿಡಿದಂತಾಗಿದೆ, ಹೊಟ್ಟೆ ಆಗಾಗ ಕಲ್ಲಿನಂತೆ ಗಟ್ಟಿಯಾಗುತ್ತಿದೆ. “ನಿನ್ನೆಯೆಲ್ಲ ಹಸೆಮಣೆಯ ಮೇಲೆ ಕೂತಿದ್ದೆಯಲ್ಲ, ಆಯಾಸ, ವಾಯುವೂ ಇರಬಹುದು” ಎಂದು ಅತ್ತೆ ಜೀರಿಗೆ ಕಷಾಯ ಕುಡಿಸುತ್ತಾರೆ. ಬೆಳಗಾಗಲಿ ನೋಡೋಣ ಎಂದು ಎಲ್ಲರೂ ಮಲಗುತ್ತಾರೆ. ಮಾಮೂಲ್‌ಪೇಟೆಯಂಥ ಹಳೆಯ ಪೇಟೆಗಳ ತುಂಬು ಮನೆಗಳಲ್ಲಿ ಇದು ಅಪರೂಪದ ಮಾತಲ್ಲ. ಕಷಾಯದಿಂದ ಕೇಡಿಲ್ಲ, ಬೆಳಗಿನವರೆಗೆ ಕಾಯುವುದರಿಂದ ಕೇಡುಂಟು.

37 ವಾರ ತುಂಬುವ ಮೊದಲು ಆಗುವ ಹೆರಿಗೆಯೇ ಅಕಾಲಿಕ ಹೆರಿಗೆ. 2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಶಿಶುಗಳು ಹೀಗೆ ಹುಟ್ಟಿದವು. ಅವಳಿ ಮಕ್ಕಳ ಬಸಿರು, ಹಿಂದೆಯೂ ಹೀಗೇ ಹೆತ್ತವರು, ಮೂತ್ರದ ಸೋಂಕು ಇರುವವರು ಹೆಚ್ಚು ಎಚ್ಚರದಿಂದಿರಬೇಕು. ಆದರೆ ಯಾವ ತೊಂದರೆಯೂ ಇಲ್ಲದವರಿಗೂ ಇದು ಬರಬಹುದು.

ಸುಳ್ಳುನೋವು ಎಲ್ಲ ಬಸುರಿಯರಿಗೂ ಪರಿಚಿತ. ಅದಕ್ಕೆ ಲೆಕ್ಕವಿಲ್ಲ, ಮಲಗಿದರೆ ಇಳಿಯುತ್ತದೆ. ನಿಜವಾದ ನೋವು ಗಡಿಯಾರ ಹಿಡಿದು ಬರುತ್ತದೆ. ಅನುಮಾನವಾದರೆ ಮೂತ್ರ ಮಾಡಿ, ಎರಡು ಲೋಟ ನೀರು ಕುಡಿದು, ಎಡ ಮಗ್ಗುಲಿಗೆ ಮಲಗಿ, ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡಿ. ಹತ್ತು ನಿಮಿಷಕ್ಕೊಮ್ಮೆ ಹೊಟ್ಟೆ ಬಿಗಿಯುತ್ತಿದ್ದರೆ ಹೊರಡಿ. ಒಂದು ಗಂಟೆಯಾದರೂ ಸೊಂಟನೋವಾಗಲಿ, ಮುಟ್ಟಿನ ದಿನಗಳಂಥ ಕಿಬ್ಬೊಟ್ಟೆ ನೋವಾಗಲಿ, ಮಗು ಕೆಳಗೆ ಒತ್ತುತ್ತಿರುವ ಭಾರವಾಗಲಿ ಇಳಿಯದಿದ್ದರೂ ಹೊರಡಿ. ನೀರು ಹೋದರೆ, ರಕ್ತ ಕಂಡರೆ, ಮಗುವಿನ ಚಲನೆ ಕಡಿಮೆಯಾದರೆ ಈ ಪರೀಕ್ಷೆಗೂ ಕೂರಬೇಡಿ. ಎಷ್ಟೋ ಹೆಂಗಸರು ಬಟ್ಟೆ ಒದ್ದೆಯಾದುದನ್ನು ಮೂತ್ರವೆಂದು ತಿಳಿದು ನಾಚಿಕೆಯಿಂದ ಹೇಳುವುದೇ ಇಲ್ಲ.

ಇಷ್ಟು ಅವಸರವೇಕೆ? 24ರಿಂದ 34 ವಾರದೊಳಗೆ ನೋವು ಬಂದರೆ ತಾಯಿಗೆ ಸ್ಟಿರಾಯಿಡ್ ಚುಚ್ಚುಮದ್ದು ಕೊಡುತ್ತಾರೆ. ಅದು ಮಗುವಿನ ಶ್ವಾಸಕೋಶವನ್ನು ಬಲಿಸುತ್ತದೆ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಎಂಬ ವೈದ್ಯರು 1972ರಲ್ಲೇ ಇದನ್ನು ತೋರಿಸಿಕೊಟ್ಟರು. ನಮ್ಮಲ್ಲಿ ಸಾಮಾನ್ಯವಾಗಿ ಡೆಕ್ಸಾಮೆಥಸೋನನ್ನು 12 ಗಂಟೆಗೊಂದರಂತೆ ನಾಲ್ಕು ಸಲ ಕೊಡುತ್ತಾರೆ. ಪೂರ್ಣ ಫಲಕ್ಕೆ ಒಂದು ದಿನವಾದರೂ ಬೇಕು. ನೋವು ತಡೆಯುವ ಮದ್ದು ಕೊಡುವುದೂ ಬಹುಮಟ್ಟಿಗೆ ಈ ಒಂದೆರಡು ದಿನದ ಬಿಡುವಿಗಾಗಿಯೇ. ಕಷಾಯ ಕುಡಿದು ಕಳೆದ ರಾತ್ರಿ ಆ ಬಿಡುವಿನಲ್ಲೇ ಕಡಿತವಾಗುತ್ತದೆ.

ಪೇಟೆಯವರಿಗೆ 1935ರಿಂದಲೂ ವಾಣಿವಿಲಾಸ ಆಸ್ಪತ್ರೆ ಹತ್ತಿರದಲ್ಲೇ ಇದೆ. ಎಲ್ಲಿಗೆ ಹೋದರೂ ಎಳೆಗೂಸಿನ ತೀವ್ರನಿಗಾ ಘಟಕ ಇರುವ ಕಡೆಗೇ ಹೋಗುವುದು ಲೇಸು. ವಾಹನ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ. ತಾಯಿ ಕಾರ್ಡು ಜೊತೆಗಿರಲಿ. ನೋವು ಶುರುವಾದ ಹೊತ್ತನ್ನು ಅದರ ಹಿಂದೆಯೇ ಬರೆದುಕೊಳ್ಳಿ, ವೈದ್ಯರು ಮೊದಲು ಕೇಳುವುದೇ ಅದನ್ನು.