ಎಲೆ ಕೊಳೆತ ನೀರಿಗೆ ಕ್ಲೋರಿನ್ ಬಿದ್ದಾಗ

ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ನಗರದ ನೀರು ಸರಬರಾಜು ಸಂಸ್ಥೆಯಲ್ಲಿ ಯೋಹಾನೆಸ್ ರೂಕ್ ಎಂಬ ರಸಾಯನ ವಿಜ್ಞಾನಿ ಇದ್ದರು. ಬಾಟಲಿಗೆ ನೀರು ತುಂಬಿ, ಮೇಲೆ ಸ್ವಲ್ಪ ಜಾಗ ಬಿಟ್ಟು, ಬಿಗಿಯಾಗಿ ಮುಚ್ಚುವುದು. ಆಮೇಲೆ ನೀರಿನ ಮೇಲೆ ನಿಂತ ಗಾಳಿಯನ್ನಷ್ಟೇ ಸಿರಿಂಜಿನಲ್ಲಿ ಎಳೆದು ಗ್ಯಾಸ್ ಕ್ರೊಮೆಟೊಗ್ರಾಫ್ ಯಂತ್ರಕ್ಕೆ ಬಿಡುವುದು ಅವರ ವಿಧಾನ. ಯಂತ್ರ ಬರೆದ ಗೆರೆಯಲ್ಲಿ ಕ್ಲೋರೊಫಾರ್ಮ್ ಎದ್ದು ಕಾಣುತ್ತಿತ್ತು. ಜೊತೆಗೆ ಬ್ರೋಮಿನ್ ಸೇರಿದ ಅದೇ ಕುಲದ ಇನ್ನೂ ಮೂರು ರಾಸಾಯನಿಕಗಳಿದ್ದವು. ಯಾವುದೋ ಕಾರ್ಖಾನೆ ನದಿಗೆ ಬಿಟ್ಟದ್ದಿರಬೇಕು ಎನ್ನೋಣವೆಂದರೆ, ನದಿಯಿಂದ ನೇರ ಬಂದ ನೀರಿನಲ್ಲಿ ಇವು ಇಲ್ಲವೆನ್ನುವಷ್ಟು ಕಡಿಮೆ. ಶುದ್ಧೀಕರಣ ಘಟಕದಲ್ಲಿ ಕ್ಲೋರಿನ್ ಬಿದ್ದ ಮೇಲೆಯೇ ಹೆಚ್ಚುತ್ತಿದ್ದವು.

ಜೌಗು ನೆಲದಲ್ಲಿ ಗಿಡಗಂಟಿ ಕೊಳೆತು ಆಗುವ ಪೀಟ್ ಮಣ್ಣಿನ ಸಾರ ತೆಗೆದು ರೂಕ್ ಅದಕ್ಕೆ ಕ್ಲೋರಿನ್ ಬೆರೆಸಿದರು. ಅವೇ ರಾಸಾಯನಿಕಗಳು ಹುಟ್ಟಿದವು. 1974ರಲ್ಲಿ ಅವರು ಇದನ್ನು ಪ್ರಕಟಿಸಿದ ವರ್ಷವೇ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳೂ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದರು.

ಕಾಡಿನ ಹಳ್ಳದ ನೀರು ಕೆಲವೊಮ್ಮೆ ತೆಳು ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ. ಕೊಳೆತ ಎಲೆ, ಬೇರುಗಳಿಂದ ಇಳಿದ ಹ್ಯೂಮಿಕ್ ಆಮ್ಲದ ಬಣ್ಣ ಅದು. ಕೆರೆಯ ಪಾಚಿ, ಊರಿನ ಚರಂಡಿ ನೀರು ಕೂಡ ಇಂಥ ಸಾವಯವ ವಸ್ತುಗಳನ್ನು ನೀರಿಗೆ ಸೇರಿಸುತ್ತವೆ. ಹ್ಯೂಮಿಕ್ ಆಮ್ಲ ತಾನಾಗಿ ಅಂಥ ಅಪಾಯಕಾರಿಯಲ್ಲ. ಕ್ಲೋರಿನ್ ಜೊತೆ ಸೇರಿತೋ, ಟ್ರೈಹಾಲೊಮೀಥೇನ್ ಎಂಬ ಗುಂಪಿನ ರಾಸಾಯನಿಕಗಳು ತಯಾರು. ಕ್ಲೋರೊಫಾರ್ಮ್ ಅವುಗಳಲ್ಲೊಂದು. 1847ರಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಸಿಂಪ್ಸನ್ ಹೆರಿಗೆ ನೋವು ಮರೆಸಲು ಬಳಸಿದ ಅರಿವಳಿಕೆಯೇ ಇದು!

1975ರಲ್ಲಿ ಅಮೆರಿಕದ 80 ನಗರಗಳ ನೀರನ್ನು ಪರೀಕ್ಷಿಸಿದಾಗ ಕ್ಲೋರಿನ್ ಹಾಕಿದ ಕಡೆಯೆಲ್ಲ ಕ್ಲೋರೊಫಾರ್ಮ್ ಸಿಕ್ಕಿತು. ಮರುವರ್ಷ, ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಅದು ಇಲಿಗಳಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ವರದಿ ಮಾಡಿತು. ಈ ಗುಂಪಿನ ನಾಲ್ಕೂ ಸೇರಿ ಲೀಟರಿಗೆ 100 ಮೈಕ್ರೊಗ್ರಾಂ ಮೀರಬಾರದೆಂದು 1979ರಲ್ಲಿ ಮಿತಿ ಬಂತು. ಈಗ ಅದು 80. ಭಾರತದ ಐಎಸ್ 10500 ಮಾನಕ ಪ್ರತಿಯೊಂದಕ್ಕೂ ಬೇರೆ ಮಿತಿ ಇಟ್ಟಿದೆ. ಕ್ಲೋರೊಫಾರ್ಮ್‌ಗೆ ಲೀಟರಿಗೆ 0.2 ಮಿಲಿಗ್ರಾಂ.

ಮನುಷ್ಯರ ವಿಷಯದಲ್ಲಿ ಮತ್ತೆ ಮತ್ತೆ ಕೇಳಿಬರುವುದು ಮೂತ್ರಕೋಶದ ಕ್ಯಾನ್ಸರ್. ಯುರೋಪಿನಲ್ಲಿ ಈ ಕ್ಯಾನ್ಸರಿನ ಸುಮಾರು ಶೇ. 5ರಷ್ಟು ಪ್ರಕರಣಗಳಿಗೆ ನೀರಿನ ಟ್ರೈಹಾಲೊಮೀಥೇನ್‌ಗಳು ಕಾರಣವಿರಬಹುದು ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಒಂದೆರಡು ಲೋಟ ಕುಡಿದು ಬರುವ ಕಾಯಿಲೆಯಲ್ಲ ಇದು, ದಶಕಗಳ ಲೆಕ್ಕ. ಕುಡಿಯುವುದಷ್ಟೇ ದಾರಿಯೂ ಅಲ್ಲ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಬಿಸಿನೀರು ಸುರಿದುಕೊಳ್ಳುವಾಗ ಕ್ಲೋರೊಫಾರ್ಮ್ ಆವಿಯಾಗಿ ಉಸಿರಿಗೂ ಸೇರುತ್ತದೆ, ಚರ್ಮದ ಮೂಲಕವೂ ಇಳಿಯುತ್ತದೆ.

ಹಾಗಾದರೆ ಕ್ಲೋರಿನ್ ಬೇಡವೇ? ಇಷ್ಟು ಓದಿದವರು ಆ ತೀರ್ಮಾನಕ್ಕೆ ಹಾರಿದರೆ ದೊಡ್ಡ ಪ್ರಮಾದ. 1908ರಲ್ಲಿ ಅಮೆರಿಕದ ಜರ್ಸಿ ಸಿಟಿಯ ನೀರಿಗೆ ಡಾ. ಜಾನ್ ಲೀಲ್ ನಿತ್ಯ ಕ್ಲೋರಿನ್ ಸೇರಿಸಲು ತೊಡಗಿದ ಮೇಲೆ ಬೇರೆ ಊರುಗಳೂ ಅದೇ ದಾರಿ ಹಿಡಿದವು. ಟೈಫಾಯ್ಡ್ ಇಳಿಯುತ್ತ ಬಂತು. 1991ರಲ್ಲಿ ಪೆರುವಿನಲ್ಲಿ ಕಾಲರಾ ಹಬ್ಬಿ ಸಾವಿರಾರು ಜನ ಸತ್ತರು. ಟ್ರೈಹಾಲೊಮೀಥೇನ್ ಭಯಕ್ಕೆ ಕ್ಲೋರಿನ್ ಬಿಟ್ಟದ್ದೇ ಕಾರಣ ಎಂಬ ಕಥೆ ಆಗ ಜಗತ್ತು ಸುತ್ತಿತು. ಅದು ಅರ್ಧಂಬರ್ಧ ಕಥೆ. ಅಲ್ಲಿನ ಎಷ್ಟೋ ಕಡೆ ನೀರಿಗೆ ಮೊದಲೇ ಸರಿಯಾಗಿ ಕ್ಲೋರಿನ್ ಬೀಳುತ್ತಿರಲಿಲ್ಲ. ಕ್ಲೋರಿನ್ ಇಲ್ಲದಿದ್ದರೆ ಆಗುವುದೇನು ಎಂಬುದಂತೂ ಅಲ್ಲಿ ಕಣ್ಣಿಗೆ ಕಂಡಿತು.

ಪರಿಹಾರ ಇರುವುದು ಕೆಲಸದ ಕ್ರಮದಲ್ಲಿ. ಪಾಚಿ ಕಟ್ಟದಿರಲೆಂದು ಹಲವು ಘಟಕಗಳಲ್ಲಿ ನೀರು ಒಳಬರುತ್ತಿದ್ದಂತೆ ಕ್ಲೋರಿನ್ ಹಾಕುತ್ತಾರೆ. ಆಗ ಸಾವಯವ ವಸ್ತುಗಳೆಲ್ಲ ನೀರಿನಲ್ಲೇ ಇರುತ್ತವೆ. ಮೊದಲು ಪಟಿಕ ಹಾಕಿ ಕೊಳೆ ತಳಕ್ಕಿಳಿಸಿ, ಮರಳಿನಲ್ಲಿ ಸೋಸಿ, ಕೊನೆಗೆ ಕ್ಲೋರಿನ್ ಬೆರೆಸಿದರೆ ಅದಕ್ಕೆ ಸಿಗುವ ಸಾಮಗ್ರಿಯೇ ಕಡಿಮೆ. ರೂಕ್ ಅವರ ದೇಶ ಇನ್ನೂ ಮುಂದೆ ಹೋಯಿತು. ಮರಳು ದಿಬ್ಬಗಳಲ್ಲಿ ನೀರು ಇಂಗಿಸಿ, ಓಜೋನ್, ನೇರಳಾತೀತ ಕಿರಣ ಬಳಸಿ, ಕ್ಲೋರಿನ್ ಇಲ್ಲದೆಯೇ ಈಗ ನೀರು ಕೊಡುತ್ತಿದೆ.

ನಮ್ಮಲ್ಲಿ ಅದು ಸದ್ಯಕ್ಕೆ ಆಗದ ಮಾತು. ಎರಡು ದಿನಕ್ಕೊಮ್ಮೆ ನೀರು ಬಿಡುವ ಊರುಗಳಲ್ಲಿ ಖಾಲಿ ಪೈಪು ಬಿರುಕುಗಳ ಮೂಲಕ ಚರಂಡಿಯನ್ನೇ ಒಳಗೆಳೆದುಕೊಳ್ಳುತ್ತದೆ. ನಲ್ಲಿಯ ತುದಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಮಾನಕ ಹೇಳುವುದು ಅದಕ್ಕೇ. ಹಳ್ಳಿಯ ನೀರುಗಂಟಿ ಓವರ್‌ಹೆಡ್ ಟ್ಯಾಂಕಿಗೆ ಅಂದಾಜಿನ ಮೇಲೆ ಬ್ಲೀಚಿಂಗ್ ಪೌಡರ್ ಸುರಿಯುವ ಬದಲು, ಕೆಲವು ನಿಮಿಷದಲ್ಲಿ ಬಣ್ಣ ತೋರಿಸುವ ಕ್ಲೋರೊಸ್ಕೋಪಿನಿಂದ ಅಳೆಯಬಹುದು.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಕ್ಲೋರೊಫಾರ್ಮ್ ಕುದಿಯುವುದು ಸುಮಾರು 61 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮುಚ್ಚಳ ತೆಗೆದು ಕೆಲವು ನಿಮಿಷ ನೀರು ಮರಳಿಸಿದರೆ ಬಹುಪಾಲು ಹಾರಿಹೋಗುತ್ತದೆ. ಕಿಟಕಿ ಮಾತ್ರ ತೆರೆದಿರಲಿ. ಫಿಲ್ಟರಿನ ಕ್ರಿಯಾಶೀಲ ಇದ್ದಿಲೂ ಅದನ್ನು ಹಿಡಿಯುತ್ತದೆ, ಆದರೆ ಅವಧಿ ಮುಗಿದ ಕಾರ್ಟ್ರಿಜ್ ಇದ್ದೂ ಇಲ್ಲದಂತೆ.